ಪೆನ್ಸಿಲ್ವೇನಿಯಾದ ನದಿಗಳು: ನಾಲ್ಕು ಕಾಲಂಗಳಲ್ಲಿ ಹಿಡಿಸದ ಕಥೆ

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನವನ್ನು ಬೋಧಿಸುತ್ತಿದ್ದಾಗ ನದಿಗಳ ಪಾಠವೆಂದರೆ ನಾನು ಕಪ್ಪುಹಲಗೆಯ ಮೇಲೆ ಮೊದಲು ನಾಲ್ಕು ಕಾಲಂಗಳನ್ನು ಎಳೆಯುತ್ತಿದ್ದೆ. ನದಿಯ ಹೆಸರು, ಉಗಮಸ್ಥಾನ, ಉಪನದಿಗಳು, ಸೇರುವ ಸಮುದ್ರ. ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಆ ಪಟ್ಟಿ ಇಂದಿಗೂ ಬಾಯಿಪಾಠವಿರಬಹುದು. ಪರೀಕ್ಷೆಯಲ್ಲಿ ಅಂಕ ತಂದುಕೊಡುವ ಪಾಠವಾದ್ದರಿಂದ ನಾನೂ ಅದನ್ನು ಪ್ರೀತಿಯಿಂದಲೇ ಕಲಿಸುತ್ತಿದ್ದೆ.

ನಿವೃತ್ತಿಯ ನಂತರ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಇರುವ ಅವಕಾಶ ಒದಗಿತು. ಒಂದು ಸಂಜೆ ಮೊಮ್ಮಗ ಶಾಲೆಯಿಂದ ತಂದ ಪೆನ್ಸಿಲ್ವೇನಿಯಾ ರಾಜ್ಯದ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನದಿಗಳಿಗೆ ನೀಲಿ ಬಣ್ಣ ಹಚ್ಚುತ್ತಿದ್ದ. ಕನ್ನಡಕ ಏರಿಸಿಕೊಂಡು ನಾನೂ ಪಕ್ಕದಲ್ಲಿ ಕುಳಿತೆ. ಹಳೆಯ ಚಾಳಿ, ಒಂದು ಹಾಳೆ ತೆಗೆದುಕೊಂಡು ನಾಲ್ಕು ಕಾಲಂ ಎಳೆದೆ. ಆ ಪಟ್ಟಿಯನ್ನು ತುಂಬಿಸಹೊರಟವನು ಏನೇನು ಓದಿದೆ, ಎಲ್ಲೆಲ್ಲಿ ಹೋದೆ, ಕೊನೆಗೆ ಏನು ಕಲಿತೆ ಎಂಬುದೇ ಈ ಲೇಖನ.

ಪೆನ್ಸಿಲ್ವೇನಿಯಾದ ನೀರು ಮುಖ್ಯವಾಗಿ ಮೂರು ದಿಕ್ಕಿಗೆ ಹರಿಯುತ್ತದೆ. ಪೂರ್ವದ ಗಡಿಯಾಗಿ ಹರಿಯುವುದು ಡೆಲವೇರ್. ಲೀಹೈ ಮತ್ತು ಸ್ಕೂಲ್‌ಕಿಲ್ ಅದರ ದೊಡ್ಡ ಉಪನದಿಗಳು. ರಾಜ್ಯದ ನಡುಭಾಗದ, ಅಂದರೆ ಹೆಚ್ಚುಕಡಿಮೆ ಅರ್ಧ ರಾಜ್ಯದ ನೀರನ್ನು ಹೊತ್ತು ದಕ್ಷಿಣಕ್ಕಿಳಿದು ಚೆಸಪೀಕ್ ಕೊಲ್ಲಿಯನ್ನು ಸೇರುವುದು ಸಸ್ಕ್ವೆಹಾನಾ. ಪಶ್ಚಿಮದಲ್ಲಿ ಉತ್ತರದಿಂದ ಬರುವ ಅಲೆಘೆನಿಯೂ ದಕ್ಷಿಣದಿಂದ ಬರುವ ಮೊನಾಂಗಹೀಲಾ ನದಿಯೂ ಪಿಟ್ಸ್‌ಬರ್ಗಿನಲ್ಲಿ ಕೂಡಿ ಒಹಾಯೋ ಎಂಬ ಹೆಸರು ಪಡೆಯುತ್ತವೆ. ಆ ನೀರು ಮಿಸಿಸಿಪ್ಪಿಯನ್ನು ಸೇರಿ ಮೆಕ್ಸಿಕೋ ಕೊಲ್ಲಿಯವರೆಗೆ ಸಾಗುತ್ತದೆ. ರಾಜ್ಯದ ಉತ್ತರದ ಪಾಟರ್ ಎಂಬ ಜಿಲ್ಲೆಯಲ್ಲಿ ಒಂದು ಎತ್ತರದ ಪ್ರದೇಶವಿದೆ. ಅಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಅಲೆಘೆನಿಗೆ, ಒಂದು ಪಾಲು ಸಸ್ಕ್ವೆಹಾನಾಕ್ಕೆ, ಇನ್ನೊಂದು ಪಾಲು ಜೆನೆಸೀ ನದಿಯ ಮೂಲಕ ಉತ್ತರದ ಆಂಟೇರಿಯೋ ಸರೋವರಕ್ಕೆ ಹೋಗುತ್ತದೆ. ಘಟ್ಟದ ನೆತ್ತಿಯಲ್ಲಿ ನಿಂತು ‘ಈಚೆ ಬಿದ್ದ ಹನಿ ಮೂಡಣ ಕಡಲಿಗೆ, ಆಚೆ ಬಿದ್ದದ್ದು ಪಡುವಣ ಕಡಲಿಗೆ’ ಎಂದು ಹೇಳಿಕೊಟ್ಟ ನನಗೆ ಇದು ಪರಿಚಿತವಾದ ಬೆರಗೇ ಆಗಿತ್ತು.

ಪಿಟ್ಸ್‌ಬರ್ಗಿನ ಸಂಗಮವನ್ನು ಅಲ್ಲಿನ ಭಾರತೀಯರು ತ್ರಿವೇಣಿ ಸಂಗಮವೆಂದು ಪ್ರೀತಿಯಿಂದ ಕರೆಯುವುದನ್ನು ಕೇಳಿದೆ. ಪ್ರಯಾಗದ ಗುಪ್ತಗಾಮಿನಿ ಸರಸ್ವತಿಗೂ ಇಲ್ಲೊಂದು ಸಾಟಿಯಿದೆ. ಹಿಮಯುಗದ ಕಾಲದ ಮರಳು ಜಲ್ಲಿಗಳ ಪದರದಲ್ಲಿ ನಗರದ ಅಡಿಯಲ್ಲೇ ಅಂತರ್ಜಲ ಸಾಗುತ್ತದೆ. ಸಂಗಮದ ಮೂಲೆಯ ಉದ್ಯಾನದಲ್ಲಿ ಚಿಮ್ಮುವ ಕಾರಂಜಿಗೆ ಆ ನೀರೇ ಆಧಾರ. ಜನ ಅದನ್ನು ನಾಲ್ಕನೆಯ ನದಿ ಎನ್ನುತ್ತಾರೆ.

ಪಟ್ಟಿಯ ಮೊದಲ ಕಾಲಂ ‘ನದಿಯ ಹೆಸರು’. ಅಲ್ಲಿಯೇ ನನ್ನ ಲೇಖನಿ ತಡೆಯಿತು.

ಡೆಲವೇರ್ ಎಂಬುದು ಆ ನೆಲದ ಹೆಸರಲ್ಲ. ವರ್ಜೀನಿಯಾ ವಸಾಹತಿನ ಗವರ್ನರಾಗಿದ್ದ ಇಂಗ್ಲೆಂಡಿನ ಶ್ರೀಮಂತ ಥಾಮಸ್ ವೆಸ್ಟ್‌ನ ಬಿರುದು ‘ಡಿ ಲಾ ವಾರ್’ ಎಂದಿತ್ತು. ಆ ಬಿರುದು ಮೊದಲು ಕೊಲ್ಲಿಗೆ, ಬಳಿಕ ನದಿಗೆ ಅಂಟಿಕೊಂಡಿತು. ಅಲ್ಲಿಗೇ ನಿಲ್ಲದೆ, ಆ ನದಿಯ ದಂಡೆಯಲ್ಲಿ ತಲೆತಲಾಂತರದಿಂದ ಬಾಳಿದ್ದ ಲೆನಾಪೆ ಜನರನ್ನೂ ಡೆಲವೇರ್ ಇಂಡಿಯನ್ನರೆಂದೇ ಕರೆಯಲಾಯಿತು. ಎಲ್ಲಿಯೋ ಇದ್ದ ಒಬ್ಬನ ಬಿರುದು ಒಂದು ಇಡೀ ಜನಾಂಗದ ಹೆಸರಾಯಿತು.

ಒಹಾಯೋ ಎಂಬುದು ಮಾತ್ರ ಸೆನೆಕಾ ಜನರ ಮಾತು. ಒಳ್ಳೆಯ ನದಿ, ಚೆಲುವಾದ ನದಿ ಎಂಬ ಅರ್ಥ. ಆದರೆ ಸೆನೆಕಾ ಜನರಿಗೆ ಅಲೆಘೆನಿ ಬೇರೆ, ಒಹಾಯೋ ಬೇರೆ ಅಲ್ಲ. ಮೇಲಿನಿಂದ ಕೆಳಗಿನವರೆಗೂ ಅದು ಒಂದೇ ನದಿ. ನಾವು ‘ಎರಡು ಕೂಡಿ ಮೂರನೆಯದು ಹುಟ್ಟುತ್ತದೆ’ ಎಂದು ಬರೆಯುವ ವಾಕ್ಯವೇ ಹೊರಗಿನಿಂದ ಬಂದವರ ಭೂಗೋಳ. ಉಪನದಿ ಯಾವುದು, ಮುಖ್ಯನದಿ ಯಾವುದು ಎಂಬುದನ್ನು ನೀರು ತೀರ್ಮಾನಿಸುವುದಿಲ್ಲ, ನಕ್ಷೆ ಬರೆದವರು ತೀರ್ಮಾನಿಸುತ್ತಾರೆ.

ಡೆಲವೇರ್ ಮತ್ತು ಲೀಹೈ ನದಿಗಳ ಸೀಮೆಯಲ್ಲಿ 1737ರಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಈ ರಾಜ್ಯವನ್ನು ಸ್ಥಾಪಿಸಿದ ವಿಲಿಯಂ ಪೆನ್ ಲೆನಾಪೆ ಜನರೊಡನೆ ನ್ಯಾಯವಾಗಿ ನಡೆದುಕೊಂಡವನೆಂದು ಹೆಸರಾದವನು. ಅವನ ಮಕ್ಕಳ ಕಾಲಕ್ಕೆ ಮಾತು ಬದಲಾಯಿತು. 1686ರದೆಂದು ಹೇಳಲಾದ ಒಂದು ಹಳೆಯ ಪತ್ರವನ್ನು ಅವರು ಮುಂದಿಟ್ಟರು. ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆಯಬಹುದಾದಷ್ಟು ದೂರದ ಭೂಮಿಯನ್ನು ಲೆನಾಪೆ ಜನರು ಬಿಟ್ಟುಕೊಡಲು ಒಪ್ಪಿದ್ದಾರೆ ಎಂಬುದು ಅದರ ಸಾರ. ನದಿಯ ದಂಡೆಯಗುಂಟ ದಣಿದಾಗ ಕುಳಿತು, ಹಸಿವಾದಾಗ ಉಂಡು ನಡೆಯುವುದನ್ನೇ ಅವರು ನಡಿಗೆಯೆಂದು ತಿಳಿದಿದ್ದರು. ಪೆನ್ ಸಹೋದರರ ಕಡೆಯವರು ಮುಂಚಿತವಾಗಿಯೇ ಕಾಡು ಕಡಿದು ದಾರಿ ಮಾಡಿದರು. ವೇಗವಾಗಿ ನಡೆಯಬಲ್ಲ ಮೂವರನ್ನು ಹಣ ಕೊಟ್ಟು ಗೊತ್ತುಮಾಡಿದರು. ಸೆಪ್ಟೆಂಬರ್ 19ರ ಬೆಳಗ್ಗೆ ನಡಿಗೆ ಆರಂಭವಾಯಿತು. ಇಬ್ಬರು ನಡುವೆಯೇ ಸೋತರು. ಎಡ್ವರ್ಡ್ ಮಾರ್ಷಲ್ ಎಂಬುವನು ಒಂದೂವರೆ ದಿನದಲ್ಲಿ 60 ಮೈಲಿಗೂ ಹೆಚ್ಚು ದೂರ ಸಾಗಿದ. ಅವನು ನಿಂತಲ್ಲಿಂದ ನದಿಗೆ ಎಳೆದ ಗೆರೆಯನ್ನೂ ಹತ್ತಿರದ ದಂಡೆಗೆ ಎಳೆಯದೆ, ಆದಷ್ಟೂ ಹೆಚ್ಚು ನೆಲ ಒಳಗಾಗುವಂತೆ ಓರೆಯಾಗಿ ಎಳೆಯಲಾಯಿತು. ಹೀಗೆ ಕೈತಪ್ಪಿದ್ದು ಸುಮಾರು 1,200 ಚದರ ಮೈಲಿ ಭೂಮಿ.

ಇದನ್ನು ಓದಿದಾಗ ನನಗೆ ವಾಮನನ ಮೂರು ಹೆಜ್ಜೆ ನೆನಪಾದದ್ದು ಸಹಜ. ಆದರೆ ಯೋಚಿಸಿದರೆ ಆ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಬಲಿಚಕ್ರವರ್ತಿಗೆ ಎದುರಿಗಿದ್ದವನು ಯಾರೆಂದು ಗುರುಗಳೇ ಎಚ್ಚರಿಸಿದ್ದರು, ತಿಳಿದೂ ಕೊಟ್ಟ. ವರ್ಷಕ್ಕೊಮ್ಮೆ ಪಾಡ್ಯದ ದಿನ ತನ್ನ ನೆಲಕ್ಕೆ ಬಂದುಹೋಗುವ ಅವಕಾಶವಾದರೂ ಅವನಿಗೆ ದೊರೆಯಿತು. ನಮ್ಮ ಕಡೆ ಇಂದಿಗೂ ಬಲೀಂದ್ರನನ್ನು ಮನೆಯೊಳಗೆ ಕರೆದು ಪೂಜಿಸುತ್ತೇವೆ. ಲೆನಾಪೆ ಜನರು ಮಾತ್ರ ಪಶ್ಚಿಮಕ್ಕೆ, ಮತ್ತೂ ಪಶ್ಚಿಮಕ್ಕೆ ಸರಿಯುತ್ತ ಹೋಗಬೇಕಾಯಿತು. ಅವರ ಸಂತತಿಯ ಬಹುಪಾಲು ಇಂದು ಸಾವಿರಾರು ಕಿಲೋಮೀಟರ್ ದೂರದ ಓಕ್ಲಹೋಮಾದಲ್ಲಿ, ಉಳಿದವರು ವಿಸ್ಕಾನ್ಸಿನ್‌ನಲ್ಲಿ ಮತ್ತು ಕೆನಡಾದಲ್ಲಿ ಇದ್ದಾರೆ. 2004ರಲ್ಲಿ ಅವರ ಒಂದು ಬಣ ಈ ವಂಚನೆಯ ವಿರುದ್ಧ ದಾವೆ ಹೂಡಿತು. ನ್ಯಾಯಾಲಯ ಅದನ್ನು ವಜಾ ಮಾಡಿತು. 2006ರಲ್ಲಿ ಸುಪ್ರೀಂ ಕೋರ್ಟೂ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ.

ಸಸ್ಕ್ವೆಹಾನಾದ ಬಗ್ಗೆ ಒಂದೇ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಅದರ ಉತ್ತರ ಶಾಖೆಯ ಕಣಿವೆಯ ತುಂಬ ಗಟ್ಟಿ ಕಲ್ಲಿದ್ದಲಿನ ಗಣಿಗಳಿದ್ದವು. ಕಲ್ಲಿದ್ದಲನ್ನು ಅಗೆಯುತ್ತ ಅಗೆಯುತ್ತ ನದಿಯ ಪಾತ್ರದ ಅಡಿಗೇ ಸುರಂಗ ಕೊರೆದರು. ನದಿಗೂ ಸುರಂಗಕ್ಕೂ ನಡುವೆ ಉಳಿಸಬೇಕಾದ ಬಂಡೆಯನ್ನು ಉಳಿಸಲಿಲ್ಲ. 1959ರ ಜನವರಿ 22ರಂದು ನದಿ ಗಣಿಯೊಳಕ್ಕೆ ನುಗ್ಗಿತು. ನೀರಿನ ಸುಳಿಯನ್ನು ಮುಚ್ಚಲು ರೈಲಿನ ವ್ಯಾಗನ್‌ಗಳನ್ನೇ ಒಂದರ ಹಿಂದೆ ಒಂದರಂತೆ ಅದರ ಬಾಯಿಗೆ ತಳ್ಳಬೇಕಾಯಿತು. 12 ಮಂದಿ ಕಾರ್ಮಿಕರು ಒಳಗೇ ಉಳಿದರು. ಅವರ ದೇಹಗಳು ದೊರೆಯಲೇ ಇಲ್ಲ.

ಪಶ್ಚಿಮದ ನದಿಗಳನ್ನು ನನಗೆ ತೋರಿಸಿದವನು ನನ್ನ ಒಬ್ಬ ಹಳೆಯ ವಿದ್ಯಾರ್ಥಿ. ಸಾಗರದ ಕಡೆಯ ಹುಡುಗ. ಈಗ ಪಿಟ್ಸ್‌ಬರ್ಗಿನ ಹತ್ತಿರವೇ ಇಂಜಿನಿಯರಾಗಿದ್ದಾನೆ. ನಾನು ಬಂದಿರುವ ಸುದ್ದಿ ತಿಳಿದು, “ಸರ್, ನೀವು ಪಾಠದಲ್ಲಿ ನದಿ ತೋರಿಸಿದ್ರಿ, ನಾನು ಕಾರಲ್ಲಿ ತೋರಿಸ್ತೀನಿ” ಎಂದು ಎರಡು ಶನಿವಾರಗಳನ್ನು ನನಗಾಗಿ ಮೀಸಲಿಟ್ಟ.

ಮೊದಲ ಶನಿವಾರ ಜಾನ್ಸ್‌ಟೌನ್‌ಗೆ ಹೋದೆವು. ಅಲ್ಲಿ ಲಿಟಲ್ ಕೊನೆಮಾ ಮತ್ತು ಸ್ಟೋನಿಕ್ರೀಕ್ ಎಂಬ ಎರಡು ಸಣ್ಣ ನದಿಗಳು ಕೂಡಿ ಕೊನೆಮಾ ಆಗುತ್ತದೆ. ಅದು ಮುಂದೆ ಕಿಸ್ಕಿಮಿನಿಟಸ್ ಆಗಿ, ಆಮೇಲೆ ಅಲೆಘೆನಿಯನ್ನು ಸೇರುತ್ತದೆ. ಉಪನದಿಯ ಉಪನದಿಯಾದ ಲಿಟಲ್ ಕೊನೆಮಾ ನನ್ನ ಪಟ್ಟಿಯಲ್ಲಿ ಬರುವಷ್ಟು ದೊಡ್ಡದಲ್ಲ. ಅದರ ಮೇಲ್ಭಾಗದ ಒಂದು ಕವಲಿಗೆ, ಪಟ್ಟಣದಿಂದ ಸುಮಾರು 14 ಮೈಲಿ ದೂರದಲ್ಲಿ, ಒಂದು ಮಣ್ಣಿನ ಅಣೆಕಟ್ಟು ಇತ್ತು. ಕಾಲುವೆ ಸಾರಿಗೆಗಾಗಿ ಸರ್ಕಾರ ಕಟ್ಟಿಸಿದ್ದ ಅದು ರೈಲು ಬಂದಮೇಲೆ ಬೇಡವಾಗಿ ಖಾಸಗಿಯವರ ಕೈಸೇರಿತು. ಕೊನೆಗೆ 1879ರಲ್ಲಿ ಪಿಟ್ಸ್‌ಬರ್ಗಿನ ಶ್ರೀಮಂತರು ಮೀನು ಹಿಡಿಯುವ, ಬೇಟೆಯಾಡುವ ತಮ್ಮ ಕ್ಲಬ್ಬಿಗಾಗಿ ಅದನ್ನು ಕೊಂಡರು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯೂ ಅದರ ಸದಸ್ಯನಾಗಿದ್ದ.

ಕೆರೆಯ ಭಾಷೆಯಲ್ಲಿ ಹೇಳಿದರೆ ನಮ್ಮವರಿಗೆ ಬೇಗ ಅರ್ಥವಾದೀತು. ಆ ಕೆರೆಗೆ ತೂಬು ಇರಲಿಲ್ಲ. ಅಡಿಯಲ್ಲಿದ್ದ ಕಬ್ಬಿಣದ ಕೊಳವೆಗಳನ್ನು ಹಿಂದಿನ ಮಾಲೀಕನೇ ಕಿತ್ತು ಮಾರಿದ್ದ. ಕ್ಲಬ್ಬಿನವರು ಮತ್ತೆ ಹಾಕಿಸಲಿಲ್ಲ. ಗಾಡಿ ಓಡಾಡಲೆಂದು ಏರಿಯ ನೆತ್ತಿಯನ್ನು ತಗ್ಗಿಸಿದ್ದರು. ತಂದುಬಿಟ್ಟ ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಜಾಲರಿ ಹಾಕಿದ್ದರು. ಮಳೆಗಾಲದ ಮುನ್ನ ಕೋಡಿಯ ಕಸ ತೆಗೆಸುವ ನಮ್ಮೂರ ನೀರುಗಂಟಿಯೊಬ್ಬನು ಅದನ್ನು ನೋಡಿದ್ದರೆ ಅಂದೇ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದ.

1889ರ ಮೇ 31ರಂದು, ಹಿಂದಿನ ರಾತ್ರಿಯಿಂದ ಸುರಿದ ಮಳೆಗೆ ಏರಿ ಒಡೆಯಿತು. ಸುಮಾರು ಒಂದು ಗಂಟೆಯಲ್ಲಿ ನೀರು ಮರಗಳನ್ನೂ ಮನೆಗಳನ್ನೂ ರೈಲು ಇಂಜಿನ್ನುಗಳನ್ನೂ ಉರುಳಿಸಿಕೊಂಡು ಜಾನ್ಸ್‌ಟೌನ್ ತಲುಪಿತು. ಕಲ್ಲಿನ ರೈಲು ಸೇತುವೆಯೊಂದಕ್ಕೆ ತಡೆದು ನಿಂತ ಆ ರಾಶಿಗೆ ಬೆಂಕಿ ಹತ್ತಿತು. ನೀರಿನಿಂದ ಪಾರಾದ ಹಲವರು ಬೆಂಕಿಯಲ್ಲಿ ಬೆಂದರು. ಸತ್ತವರ ಸಂಖ್ಯೆ 2,209. ಗುರುತೇ ಸಿಗದ 750ಕ್ಕೂ ಹೆಚ್ಚು ಮಂದಿಯನ್ನು ಗುಡ್ಡದ ಮೇಲಿನ ಗ್ರ್ಯಾಂಡ್‌ವ್ಯೂ ಸ್ಮಶಾನದಲ್ಲಿ ಹೂಳಲಾಗಿದೆ. ಹೆಸರಿಲ್ಲದ ಬಿಳಿಯ ಕಲ್ಲುಗಳ ಆ ಸಾಲುಗಳ ನಡುವೆ ನಾವಿಬ್ಬರೂ ಬಹಳ ಹೊತ್ತು ಮಾತಿಲ್ಲದೆ ನಡೆದೆವು. ಕ್ಲಬ್ಬಿನ ಸದಸ್ಯರಲ್ಲಿ ಯಾರನ್ನೂ ನ್ಯಾಯಾಲಯ ಹೊಣೆಯಾಗಿಸಲಿಲ್ಲ. ನಡೆದದ್ದು ದೈವೇಚ್ಛೆ ಎಂದಾಯಿತು.

ಎರಡನೆಯ ಶನಿವಾರ ಅಲೆಘೆನಿಯ ಮೇಲ್ಭಾಗಕ್ಕೆ, ಕಿನ್ಜುವಾ ಅಣೆಕಟ್ಟಿಗೆ ಹೋದೆವು. 1936ರ ಮಾರ್ಚ್ ತಿಂಗಳಲ್ಲಿ ಪಿಟ್ಸ್‌ಬರ್ಗಿನ ಸಂಗಮದಲ್ಲಿ ನೀರು 46 ಅಡಿಗೆ ಏರಿ ನಗರದ ನಡುಭಾಗವೆಲ್ಲ ಮುಳುಗಿತ್ತು. ಅದಾದ ಮೇಲೆ ಉಪನದಿಗಳಿಗೆಲ್ಲ ಒಂದೊಂದಾಗಿ ಅಣೆಕಟ್ಟು ಕಟ್ಟುವ ಯೋಜನೆ ಬಂತು. ಕಿನ್ಜುವಾ ಅವುಗಳಲ್ಲಿ ದೊಡ್ಡದು. ಅಣೆಕಟ್ಟು ಪೆನ್ಸಿಲ್ವೇನಿಯಾದಲ್ಲಿದ್ದರೂ ಅದರ ಹಿನ್ನೀರು ಗಡಿ ದಾಟಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಜನರ ನೆಲದವರೆಗೂ ಹಬ್ಬುತ್ತದೆ.

ಆ ನೆಲದ ಮೇಲೆ ಒಂದು ಮಾತು ಇತ್ತು. 1794ರಲ್ಲಿ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾಗಿದ್ದಾಗ ಕ್ಯಾನನ್‌ಡೈಗ್ವಾ ಎಂಬಲ್ಲಿ ಒಪ್ಪಂದವಾಯಿತು. ಸೆನೆಕಾ ಜನರು ತಾವಾಗಿ ಮಾರುವವರೆಗೆ ಆ ಭೂಮಿ ಅವರದೇ, ಅಮೆರಿಕ ಸರ್ಕಾರ ಅದಕ್ಕೆ ಹಕ್ಕು ಸಾಧಿಸದು, ಅವರ ನೆಮ್ಮದಿ ಕೆಡಿಸದು ಎಂದು ಅದರಲ್ಲಿ ಬರೆಯಲಾಗಿತ್ತು. ಒಪ್ಪಂದದಂತೆ ವರ್ಷಕ್ಕಿಷ್ಟು ಬಟ್ಟೆಯನ್ನು ಸರ್ಕಾರ ಕಳುಹಿಸಬೇಕಿತ್ತು. ಎರಡು ಶತಮಾನ ಕಳೆದರೂ ಬಟ್ಟೆ ಬರುವುದು ನಿಂತಿಲ್ಲವಂತೆ. ಬಟ್ಟೆಯ ಮಾತು ಉಳಿಯಿತು, ನೆಲದ ಮಾತು ಮುರಿಯಿತು.

ಸೆನೆಕಾ ಜನರು ಸುಮ್ಮನೆ ಕೂರಲಿಲ್ಲ. ನ್ಯಾಯಾಲಯಕ್ಕೆ ಹೋದರು. ಪರ್ಯಾಯ ಯೋಜನೆ ಮಾಡಿಕೊಡಲು ಆರ್ಥರ್ ಮಾರ್ಗನ್ ಎಂಬ ಹಿರಿಯ ಇಂಜಿನಿಯರನ್ನು ಕರೆತಂದರು. ಈ ಹೆಸರು ಕಂಡಾಗ ನಾನು ಬೆಚ್ಚಿದೆ. ನನ್ನಂತೆ ಬಿ.ಎಡ್. ಓದಿದವರಿಗೆ 1948-49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ, ಅಂದರೆ ರಾಧಾಕೃಷ್ಣನ್ ಆಯೋಗ, ನೆನಪಿರುತ್ತದೆ. ಅದರ ಸದಸ್ಯರಲ್ಲಿ ಆರ್ಥರ್ ಮಾರ್ಗನ್ ಕೂಡ ಒಬ್ಬರು. ನಮ್ಮ ದೇಶಕ್ಕೆ ಗ್ರಾಮೀಣ ವಿಶ್ವವಿದ್ಯಾಲಯಗಳು ಬೇಕೆಂದು ವಾದಿಸಿದವರು. ಟಿಪ್ಪಣಿಯಲ್ಲಿ ಅವರ ಹೆಸರು ಬರೆದು ಉರುಹೊಡೆದವನು ನಾನು, ಅವರು ಯಾರೆಂದು ಅಂದು ಕೇಳಿರಲಿಲ್ಲ. ಅಮೆರಿಕದ ಟೆನೆಸೀ ಕಣಿವೆ ಪ್ರಾಧಿಕಾರದ ಮೊದಲ ಅಧ್ಯಕ್ಷರು ಅವರೇ. ನಮ್ಮ ದಾಮೋದರ ಕಣಿವೆ ನಿಗಮಕ್ಕೆ ಮಾದರಿಯಾದದ್ದು ಅದೇ ಪ್ರಾಧಿಕಾರ. ಜೀವನವಿಡೀ ಅಣೆಕಟ್ಟು ಕಟ್ಟಿದ ಮನುಷ್ಯ, ಎಂಬತ್ತರ ವಯಸ್ಸಿನಲ್ಲಿ, ಈ ಅಣೆಕಟ್ಟು ಬೇಡ, ನೆರೆಯ ನೀರನ್ನು ಈರೀ ಸರೋವರದ ಕಡೆಗೆ ತಿರುಗಿಸಬಹುದು ಎಂದು ಲೆಕ್ಕ ಹಾಕಿ ತೋರಿಸಿದರು. ಸರ್ಕಾರ ಒಪ್ಪಲಿಲ್ಲ. 1961ರಲ್ಲಿ ಅಧ್ಯಕ್ಷ ಕೆನಡಿಯೂ ಕಾಮಗಾರಿ ನಿಲ್ಲಿಸಲಾಗದೆಂದು ಉತ್ತರಿಸಿದರು.

1965ರ ಹೊತ್ತಿಗೆ ಅಣೆಕಟ್ಟು ಮುಗಿಯಿತು. ಸೆನೆಕಾ ಜನರ ಸುಮಾರು 10,000 ಎಕರೆ ನೆಲ ಹೋಯಿತು. ಸುಮಾರು 600 ಜನ ಮನೆ ಬಿಟ್ಟು ಎದ್ದರು. ಅವರ ಪೂಜಾ ಸಭೆಗಳು ನಡೆಯುತ್ತಿದ್ದ ಲಾಂಗ್‌ಹೌಸ್ ಎಂಬ ಉದ್ದನೆಯ ಮನೆ ಬೇರೆಡೆಗೆ ಹೋಯಿತು. ವಾಷಿಂಗ್ಟನ್ನನ ಕಾಲದ ಅವರ ನಾಯಕ ಕಾರ್ನ್‌ಪ್ಲಾಂಟರ್‌ಗೆ ಪೆನ್ಸಿಲ್ವೇನಿಯಾ ರಾಜ್ಯವೇ ಕೃತಜ್ಞತೆಯಿಂದ ಭೂಮಿ ಕೊಟ್ಟಿತ್ತು, ಸಮಾಧಿಯ ಮೇಲೆ ಸ್ಮಾರಕವನ್ನೂ ಕಟ್ಟಿಸಿತ್ತು. ಆ ಸಮಾಧಿಯನ್ನೂ 1964ರಲ್ಲಿ ಅಗೆದು ಎತ್ತರದ ಜಾಗಕ್ಕೆ ಸಾಗಿಸಿದರು.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅದು ಇತಿಹಾಸವಾಗುವುದಿಲ್ಲ. 1972ರ ಆಗ್ನೆಸ್ ಚಂಡಮಾರುತದ ಮಳೆಗೆ ಸಸ್ಕ್ವೆಹಾನಾ ದಂಡೆಯ ಪಟ್ಟಣಗಳು ಮುಳುಗಿಹೋದಾಗ, ಪಿಟ್ಸ್‌ಬರ್ಗಿಗೆ ಅಂಥ ಗತಿ ಬಾರದಂತೆ ತಡೆದ ಅಣೆಕಟ್ಟುಗಳಲ್ಲಿ ಕಿನ್ಜುವಾ ಒಂದು. ನನ್ನ ಮಗಳು ಮೊಮ್ಮಕ್ಕಳು ಆ ನಗರದಲ್ಲಿ ನಿಶ್ಚಿಂತೆಯಿಂದ ಮಲಗುತ್ತಾರೆ. ಆ ಋಣವನ್ನು ನಾನು ಮರೆಯಲಾರೆ.

ಅಣೆಕಟ್ಟಿನ ಮೇಲಿನ ಗುಡ್ಡದಲ್ಲಿ ಕಟ್ಟೆಯೊಂದರ ಮೇಲೆ ಕುಳಿತು ಮನೆಯಿಂದ ತಂದ ಚಿತ್ರಾನ್ನ ತಿನ್ನುತ್ತಿದ್ದೆವು. ಕೆಳಗೆ ಹಸಿರು ಬೆಟ್ಟಗಳ ನಡುವೆ ಹಿನ್ನೀರು. ನನ್ನ ವಿದ್ಯಾರ್ಥಿ ಅದನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲನೆ ಹೇಳಿದ: “ಸರ್, ಹತ್ತನೇ ಕ್ಲಾಸಲ್ಲಿ ನೀವು ಶರಾವತಿ ಯೋಜನೆಯ ಪ್ರಯೋಜನ ಬರೆಯಿರಿ ಅಂತ ಐದು ಅಂಕದ ಪ್ರಶ್ನೆ ಕೊಟ್ಟಿದ್ರಿ. ನನಗೆ ಐದಕ್ಕೆ ಐದು ಬಂದಿತ್ತು. ಮನೆಗೆ ಹೋಗಿ ಅಜ್ಜನಿಗೆ ಓದಿ ಹೇಳಿದೆ. ಅಜ್ಜ ಪೂರ್ತಿ ಕೇಳಿ, ‘ಎಲ್ಲಾ ಸರಿ ಬರ್ದಿದೀಯ. ನಮ್ಮೂರಿನ ಹೆಸರು ಪುಸ್ತಕದಲ್ಲಿ ಇಲ್ವಾ?’ ಅಂದ್ರು.”

ನನ್ನ ಕೈತುತ್ತು ಅಲ್ಲಿಯೇ ನಿಂತಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಎಷ್ಟೋ ಊರುಗಳು ನೀರಿನಡಿ ಹೋದುವೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ‘ಮುಳುಗಡೆ’ ಎಂಬ ಒಂದು ಪದದಲ್ಲಿ ಆ ಕಡೆಯ ಜನ ತಮ್ಮ ಗದ್ದೆ, ತೋಟ, ಮನೆ, ದೇವರಬನ ಎಲ್ಲವನ್ನೂ ಹೇಳಿ ಮುಗಿಸುವುದನ್ನು ಎಷ್ಟು ಸಾರಿ ಕೇಳಿಲ್ಲ! ನನ್ನ ತರಗತಿಯಲ್ಲಿ ಪ್ರತಿವರ್ಷ ಅಂಥ ಮನೆಗಳ ಮಕ್ಕಳು ಕುಳಿತಿರುತ್ತಿದ್ದರು. ಆದರೂ ಅವರೆದುರಿಗೆ ಅಣೆಕಟ್ಟಿನ ಎತ್ತರ, ವಿದ್ಯುತ್ತಿನ ಪ್ರಮಾಣ, ಪ್ರಯೋಜನ ಇಷ್ಟನ್ನೇ ಹೇಳಿ ಗಂಟೆ ಹೊಡೆದೊಡನೆ ಹೊರಬಂದಿದ್ದೇನೆ. ಅದೇ ವಿದ್ಯುತ್ತಿನ ಬೆಳಕಿನಲ್ಲಿ ಕುಳಿತು ಅವರ ಉತ್ತರಪತ್ರಿಕೆ ತಿದ್ದಿದ್ದೇನೆ. ಪಠ್ಯದಲ್ಲಿ ಇರಲಿಲ್ಲವೆಂಬುದು ನಿಜ. ಕೇಳಬಾರದೆಂದೂ ಪಠ್ಯದಲ್ಲಿ ಇರಲಿಲ್ಲ.

“ಆ ಊರಿನ ಹೆಸರೇನಪ್ಪಾ?” ಎಂದು ಕೇಳಿದೆ. ಹೇಳಿದ. ಅಜ್ಜನ ಮನೆಯ ಮುಂದಿದ್ದ ಹಲಸಿನ ಮರದ ಬಗ್ಗೆ, ಬೇಸಿಗೆಯಲ್ಲಿ ನೀರಿಳಿದಾಗ ಕಾಣುತ್ತದೆಂದು ಅಜ್ಜ ತೋರಿಸುತ್ತಿದ್ದ ಮನೆಯ ಅಡಿಪಾಯದ ಬಗ್ಗೆ ಹೇಳಿದ. ಮೂವತ್ತು ವರ್ಷ ತಡವಾಗಿ ನಾನು ಆ ಪಾಠ ಕೇಳಿದೆ, ಶರಾವತಿಯಿಂದ ಅಷ್ಟು ದೂರದ ಒಂದು ಹಿನ್ನೀರಿನ ದಂಡೆಯಲ್ಲಿ ಕುಳಿತು.

ಅಂದು ರಾತ್ರಿ ಮನೆಗೆ ಬಂದು ಮೇಜಿನ ಮೇಲಿದ್ದ ನನ್ನ ಹಾಳೆಯಲ್ಲಿ ಐದನೆಯ ಕಾಲಂ ಒಂದನ್ನು ಎಳೆದೆ. ಅದಕ್ಕೆ ಏನು ಶೀರ್ಷಿಕೆ ಕೊಡಬೇಕೆಂದು ತೋಚದೆ ‘ಇಲ್ಲಿ ಇದ್ದವರು’ ಎಂದು ಬರೆದೆ. ಡೆಲವೇರ್ ಎದುರಿಗೆ ಲೆನಾಪೆ ಜನರು. ಸಸ್ಕ್ವೆಹಾನಾ ಎದುರಿಗೆ ಗಣಿಯಲ್ಲಿ ಉಳಿದ 12 ಮಂದಿ. ಲಿಟಲ್ ಕೊನೆಮಾ ಎದುರಿಗೆ 2,209 ಜನ. ಅಲೆಘೆನಿಯ ಎದುರಿಗೆ ಸೆನೆಕಾ ಜನರು. ಮೊಮ್ಮಗ ನೋಡಿ, “ಅಜ್ಜಾ, ಟೀಚರ್ ಇದನ್ನ ಕೇಳಿಲ್ಲ” ಎಂದ. “ನಾನೂ ಕೇಳಿರಲಿಲ್ಲ ಕಣೋ” ಎಂದೆ.

ಹಾಳೆಯ ಹಿಂಬದಿಯಲ್ಲಿ ಶರಾವತಿಗೂ ಒಂದು ಸಾಲು ಬರೆದು, ನನ್ನ ವಿದ್ಯಾರ್ಥಿ ಹೇಳಿದ ಊರಿನ ಹೆಸರನ್ನು ಅಲ್ಲಿ ಸೇರಿಸಿದ್ದೇನೆ. ಇನ್ನೂ ಬಹಳ ಜಾಗ ಖಾಲಿಯಿದೆ. ಮುಳುಗಡೆಯ ಮನೆಗಳಿಂದ ಬಂದ ನನ್ನ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದರೆ ಕುಳಿತು ಕೇಳಿರಿ; ಊರಿನ ಹೆಸರು, ಕೇರಿಯ ಹೆಸರು, ಹಳ್ಳದ ಹೆಸರು ಬರೆದಿಟ್ಟುಕೊಳ್ಳಿರಿ. ಮುಂದಿನ ಸಾರಿ ಭೇಟಿಯಾದಾಗ ನನಗೂ ಹೇಳಿರಿ. ಅಂದು ತರಗತಿಯಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಇಂದು ಕೇಳುತ್ತಿದ್ದೇನೆ. ಇದಕ್ಕೆ ಅಂಕಗಳಿಲ್ಲ.